ಮಣ್ಣಿನ ಊಟ

ಮೂರು ತಿಂಗಳು ಕುಸ್ತಿ ಇಲ್ಲ ಎಂದರು ಫಿಸಿಯೋ ಶಶಿರೇಖಾ.
ಪ್ಲಾಸ್ಟಿಕ್ಕಿನ ಮಂಡಿಯೊಂದನ್ನು ಮೇಜಿನ ಮೇಲೆ
ಮಡಚಿ, ಬಿಚ್ಚಿ,
‘ಇಗೋ, ಈ ಹುರಿ. ಅರ್ಧ ಹರಿದಿದೆ,
ಅರ್ಧ ಉಳಿದಿದೆ’ ಎಂದು
ಲೆಕ್ಕವನ್ನು ಎರಡೂ ಕಡೆಯಿಂದ ಒಪ್ಪಿಸಿದರು.

ಯಾವ ಪಟ್ಟಿಗೆ ಹೋಯಿತು, ಯಾವ ಪೈಲ್ವಾನ,
ಕೇಳುತ್ತಾರೆ ಜನ.
ಹೇಳಲು ನಾಚಿಕೆ.
ಬರೀ ಮಂಗಳವಾರದ ತಾಲೀಮು,
ನನಗಿಂತ ಒಂಬತ್ತು ಕೇಜಿ ಹಗುರ, ಬಾತಿಯ ಹುಡುಗ ಸಿದ್ಲಿಂಗ.
ಹಿಂದಿನ ರಾತ್ರಿ ಎಪಿಎಂಸಿಯಲ್ಲಿ
ಎರಡು ಲಾರಿ ಮೆಕ್ಕೆಜೋಳ ಇಳಿಸಿ
ಮೂಗಿನ ತುಂಬ ಧೂಳು ತುಂಬಿಕೊಂಡು
ಐದಕ್ಕೆ ನೇರ ಗರಡಿಗೆ ಬಂದಿದ್ದೆ.
ಕೆಡವಿದ್ದು ಅವನಲ್ಲ,
ಮಲಗದೆ ಬಿಟ್ಟ ಆ ನಾಲ್ಕು ತಾಸು.

ಉಸ್ತಾದ್ ದಸ್ತಗೀರ್ ಬೈಯಲಿಲ್ಲ.
ಮೂಲೆಯ ಸಲಿಕೆ ತೋರಿಸಿ,
‘ಆಡಬ್ಯಾಡ. ಮಣ್ಣು ನೋಡ್ಕ’ ಅಂದರು, ಅಷ್ಟೆ.

ಹದಿನಾಲ್ಕು ವರ್ಷ ಈ ಮಣ್ಣಿನ ಮೇಲೆ ಬಿದ್ದಿದ್ದೇನೆ.
ಅದು ಏನು ಉಣ್ಣುತ್ತದೆಂದು ಕೇಳಿರಲಿಲ್ಲ.
ಎರಡು ಕೊಡ ಹುಳಿ ಮಜ್ಜಿಗೆ,
ಬೊಗಸೆ ಅರಿಶಿನ, ಹಿಂಡಿದ ನಿಂಬೆ,
ಎಳ್ಳೆಣ್ಣೆ, ಇಷ್ಟೇ ಇಷ್ಟು ಕರ್ಪೂರ.
ಒಂದೇ ದಿನ ಎಲ್ಲ ಸುರಿದರೆ ಕೆಸರು,
ತಡೆದರೆ ಹೆಂಟೆ.
ಉಣಿಸಿ, ಅಗೆದು, ಒದ್ದೆ ಗೋಣಿ ಹೊದಿಸಿ
ಒಂದು ದಿನ ಯಾರೂ ಕಾಲಿಡಕೂಡದು.
ತುಳಿದಷ್ಟೂ ಬಿಗಿಯುತ್ತದೆ ಮಣ್ಣು;
ಬಿಗಿದ ಮಣ್ಣು ಬಿದ್ದವನನ್ನು ಹಿಡಿಯುವುದಿಲ್ಲ,
ಹೊಡೆಯುತ್ತದೆ.

ಇತ್ತ ನಾನು ಗುಟ್ಟಾಗಿ ರೊಟ್ಟಿ ಬಿಡುತ್ತಿದ್ದೆ.
ಎಪ್ಪತ್ತನಾಲ್ಕು ದಾಟಿದರೆ ವರ್ಗ ಕೈಬಿಟ್ಟೀತೆಂಬ ಭಯ.
ಖಾನಾವಳಿಯ ಗಂಗವ್ವ
ಐದರಲ್ಲಿ ಮೂರು ವಾಪಸು ಬಂದದ್ದು ನೋಡಿ
‘ಯಾಕೋ, ಹೆಣ್ಣು ನೋಡಾಕ ಬರ್ತಾರೇನು?’ ಎಂದು ನಕ್ಕಳು.
ಶಶಿರೇಖಾ ನಗಲಿಲ್ಲ.
‘ಗಿರಣಿ ಊರಿನವರು ನೀವು.
ನೂಲು ಹಾಕದೆ ಮಗ್ಗ ನೇಯುತ್ತದೆಯೇ?’
ಆ ಸಂಜೆ ಹೆಸರುಕಾಳಿನ ಪಲ್ಯ ಎರಡು ಸಲ ಹಾಕಿಸಿಕೊಂಡೆ,
ಗಟ್ಟಿ ಮೊಸರು, ಎರಡು ಮೊಟ್ಟೆ,
ತಟ್ಟೆ ಬೆರಳಲ್ಲಿ ಬಳಿದೆ.
ಮಾರುತಿ ಬಂದ, ಕಾಗದದ ಪೊಟ್ಟಣದಲ್ಲಿ
ಮಂಡಕ್ಕಿ, ಬಿಸಿ ಮಿರ್ಚಿ.
ಒಂದು ತಿಂದೆ. ಸುಳ್ಳೇಕೆ, ಎರಡು.

ರಾತ್ರಿ ಪಾಳಿ ಬಿಟ್ಟಿದ್ದಕ್ಕೆ
ಮೇಸ್ತ್ರಿ ಚೀಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದ.
ನಿದ್ದೆಯೂ ದುಡಿಮೆಯೇ ಎಂದರೆ
ಅವನು ಯಾಕೆ ಒಪ್ಪಬೇಕು?
ಎರಡು ಗಂಟೆಗೆ ಲಾರಿಗಳು ಹೆದ್ದಾರಿಯಿಂದ ತಿರುಗುವ ಸದ್ದು,
ಮೈ ಅಭ್ಯಾಸದಿಂದ ಅರ್ಧ ಎದ್ದು
ಮತ್ತೆ ದಿಂಬು ಹುಡುಕುತ್ತದೆ.
ಬಾಡಿಗೆಗೆ ಇನ್ನೂರು ಕಡಿಮೆ ಬಿದ್ದಿದೆ.
ಮಂಡಿಯೊಳಗೆ ಯಾರೋ
ದೀಪವಿಲ್ಲದೆ ಕೂತು ಹೊಲಿಯುತ್ತಿದ್ದಾರೆ,
ಎದ್ದರೆ ಎಳೆ ತಪ್ಪುತ್ತದೆ.

ಬೆಳಿಗ್ಗೆ ಟವೆಲ್ಲನ್ನು ಸುರುಳಿ ಮಾಡಿ ಮಂಡಿಯಡಿ ಇಟ್ಟು
ಒತ್ತು, ಹತ್ತು ಎಣಿಸು, ಬಿಡು.
ಸಾವಿರ ಬೈಠಕ್ ಹೊಡೆದವನಿಗೆ
ಈ ಹತ್ತರಲ್ಲಿ ಬೆವರು.

ಹನ್ನೊಂದನೆಯ ವಾರ.
ಸಿದ್ಲಿಂಗನನ್ನು ಯಾರೋ ಢಾಕ್ ಹಾಕಿ ಎತ್ತಿ ಒಗೆದರು.
ಧಪ್ ಎಂದು ಮೆತ್ತಗೆ ಬಿದ್ದ,
ನಗುತ್ತ ಎದ್ದ, ಬಾಯಲ್ಲಿ ಅರಿಶಿನದ ಮಣ್ಣು ಉಗಿದ.
ಅವನ ಬೆನ್ನು ಇಡಿಯಾಗಿ ಮೂಡಿತ್ತು ನೆಲದಲ್ಲಿ,
ಭುಜದ ಎರಡು ಹಳ್ಳ, ನಡುವೆ ಸಣ್ಣ ದಿಣ್ಣೆ.
ಸರಿಮಾಡಲು ಬಗ್ಗಿದೆ.
ಅಂಗೈಯಿಂದ ಸವರುತ್ತ, ಸವರುತ್ತ
ತಡವಾಗಿ ತಿಳಿಯಿತು,
ನಾನು ಊರಿ ಕೂತಿದ್ದು ಎಡಗಾಲಿನ ಮಂಡಿ.

ತಲೆ ಎತ್ತಿದರೆ ಉಸ್ತಾದರು ನೋಡುತ್ತಿದ್ದರು.
ನಾನು ಬಾಯಿ ತೆರೆಯುವ ಮೊದಲೇ
‘ಇನ್ನೆರಡು ವಾರ’ ಅಂದರು,
ಮಜ್ಜಿಗೆಯ ಕೊಡ ಇತ್ತ ಸರಿಸಿದರು.