ತಿಳಿ

ಕೋಡಿಬಾಗದ ಬಾರಿನಲ್ಲಿ ಬಿಯರು ಕೇಳಿದರೆ
ಹುಡುಗ ಬಾಟಲಿಯ ಬೆನ್ನನ್ನು ಕೈಗೆ ಮುಟ್ಟಿಸಿ ತೋರಿಸುತ್ತಾನೆ:
ಚಿಲ್ಡ್ ಇದೆ ಸಾಹೇಬ್ರೆ, ನೋಡಿ.
ನೋಡುತ್ತೇನೆ. ಬೆರಳು ಜೋಮು ಹಿಡಿಯುತ್ತದೆ,
ಆಮೇಲೆ ನಾಲಿಗೆ. ಆಮೇಲೆ
ರುಚಿ ಹೇಗಿತ್ತೆಂದು ಕೇಳಬೇಕಾದವನೇ ಊರಲ್ಲಿಲ್ಲ.

ಹಲ್ ಎಂಬ ಬಂದರಿನಲ್ಲಿ ಹದಿನೆಂಟು ದಿನ
ನಮ್ಮ ಹಡಗಿನ ಪ್ರೊಪೆಲ್ಲರು ಬಿಚ್ಚಿಟ್ಟಿದ್ದರು.
ಕೆಲಸವಿಲ್ಲದ ಅಡುಗೆಯವ ನಾನು,
ಮಾಜಾಳಿಯ ಹರಿಕಂತ್ರ, ಜೇಬಲ್ಲಿ ಹದಿನೈದು ಪೌಂಡು,
ಓಣಿಯೊಳಗಿನ ಒಂದು ಗಡಂಗು ಹೊಕ್ಕೆ.
ಡೋರೀನ್ ಎಂಬ ಮುದುಕಿ
ಬೋರ್‌ವೆಲ್ ಹೊಡೆದ ಹಾಗೆ ಮರದ ಹಿಡಿಕೆ ಎಳೆದಳು.
ನೆಲಮಾಳಿಗೆಯಿಂದ ಏದುಸಿರು ಬಿಡುತ್ತ ಹತ್ತಿ ಬಂತು
ಕಂದು ನೀರು.

ಮೊದಲ ಗುಟುಕಿಗೆ ಅಂದುಕೊಂಡೆ: ಯಾರೋ ಮರೆತಿಟ್ಟದ್ದು.
ಚುರುಗುಟ್ಟುವುದಿಲ್ಲ. ತಣ್ಣಗಿಲ್ಲ, ಬೆಚ್ಚಗೂ ಇಲ್ಲ,
ಬಾವಿಕಟ್ಟೆಯ ಮೇಲೆ ರಾತ್ರಿಯಿಡೀ ಕೂತ ಕೊಡದ ನೀರಿನಷ್ಟು.
ಎರಡನೆಯದು ಗಂಟಲಿಳಿದ ಮೇಲೆ ತಿರುಗಿ ಬಂತು,
ಮರೆತ ಕೊಡೆ ಒಯ್ಯಲು ಬಂದ ನೆಂಟರ ಹಾಗೆ.
ಕಹಿ. ಹಾಗಲಕಾಯಿಯದಲ್ಲ,
ಕಿತ್ತಳೆ ಸಿಪ್ಪೆ ಹಲ್ಲಿಗೆ ಸಿಕ್ಕ ಕಹಿ.
ಅದರ ಕೆಳಗೆ, ಸ್ವಲ್ಪ ತಡೆದು,
ಬಾಣಲೆಯ ತಳ ಹಿಡಿದ ಬೆಲ್ಲ.

ಇನ್ನೊಂದು ಹುಲ್ಲಿನ ಬಣ್ಣದ್ದು, ನನಗೆ ಸೇರಲಿಲ್ಲ.
ಮೂರನೆಯದು ಕಪ್ಪು:
ಕರಟ ಸುಟ್ಟ ಮರುದಿನ ಅಂಗಳದಲ್ಲಿ ಉಳಿವ ವಾಸನೆ.
ಮೂರೇ ಜನ ಸೇರಿ ಕುದಿಸುತ್ತಾರಂತೆ ಇದನ್ನು,
ಹಳೆಯ ಕುದುರೆಲಾಯದಲ್ಲಿ. ಅವರಲ್ಲೊಬ್ಬ ಪೋಸ್ಟ್‌ಮನ್,
ರಜೆ ಹಾಕಿ ಬರುತ್ತಾನೆ.

ಡೋರೀನ್ ಕೆಳಗೆ ಕರೆದೊಯ್ದಳು.
ಪೀಪಾಯಿಗಳು ಬಸುರಿಯರ ಹಾಗೆ ಮಗ್ಗುಲಾಗಿ ಮಲಗಿದ್ದವು.
ಜೀವ ಇದೆ ಇದಕ್ಕೆ, ಅಂದಳು, ಬಾಯಿ ತೆರೆದರೆ ಮೂರು ದಿನ.
ಮರದ ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು,
ನಾಳೆ, ಅಂದಳು.
ನಮ್ಮ ಪಕ್ಕದ ಹಿತ್ತಿಲ ಫೊಂಡು ಭಂಡಾರಿ
ತೆಂಗಿನ ಹೊಂಬಾಳೆಗೆ ಎಲುಬಿನಿಂದ ಬಡಿದು
ಮರದ ನೆತ್ತಿಯಿಂದ ಕೂಗುತ್ತಿದ್ದದ್ದೂ ಇಷ್ಟೇ.
ಅವನ ಕಳ್ಳಿಗೆ ಮೂರು ದಿನವೂ ಇರಲಿಲ್ಲ.
ಬೆಳಿಗ್ಗೆ ಮಕ್ಕಳೂ ಕುಡಿಯಬಹುದು; ಸಂಜೆಗೆ
ಕಾಯ್ತಾನನ ಮನೆಯ ಹಂದಿ ಸಾರಿನ ಹುಳಿಗೇ ಸೈ.

ಇಷ್ಟು ತಿಳಿ ಹೇಗೆ ಬರುತ್ತದೆ, ಕೇಳಿದೆ.
ಗ್ಲಾಸಿನಾಚೆ ಅವಳ ಉಗುರು ಕಾಣುತ್ತಿತ್ತು.
ಮೀನು, ಅಂದಳು.
ಮೀನಿನ ಹೊಟ್ಟೆಯ ಗಾಳಿಚೀಲ. ಒಣಗಿಸಿ, ಕರಗಿಸಿ ಸುರಿದರೆ
ಮಡ್ಡಿಯನ್ನೆಲ್ಲ ಬಲೆ ಎಳೆದ ಹಾಗೆ
ತಳಕ್ಕೆ ಎಳೆದುಕೊಂಡು ಹೋಗುತ್ತದೆ.
ಎಲ್ಲಿಯ ಮೀನು?
ಭುಜ ಹಾರಿಸಿದಳು. ದೂರದ್ದು.

ನಾನು ಗ್ಲಾಸು ಕೆಳಗಿಟ್ಟೆ.

ಮಾಜಾಳಿಯ ಮರಳಲ್ಲಿ, ಹರಿದ ಬಲೆಯ ಮೇಲೆ,
ಆಯಿ ಘೋಳ್ ಮೀನಿನ ಗಾಳಿಚೀಲ ಒಣಗಿಸುತ್ತಿದ್ದಳು.
ಕಾಗೆ ಓಡಿಸುವುದು ನನ್ನ ಕೆಲಸ.
ಬಿಸಿಲಿಗೆ ಹಿಡಿದರೆ ಎಣ್ಣೆ ಬಿದ್ದ ಕಾಗದದ ಹಾಗೆ
ಆಚೆಯ ಕೂರ್ಮಗಡ ಮಬ್ಬಾಗಿ ಕಾಣುತ್ತಿತ್ತು.
ಏನಕ್ಕೆ ಇದು, ಎಂದರೆ ಖರೀದಿಯ ಕಾಯ್ತಾನ್
ವರ್ಷಕ್ಕೊಂದು ಹೇಳುತ್ತಿದ್ದ:
ಆಪರೇಷನ್ನಿನ ದಾರಕ್ಕೆ. ಚೀನಾದವರ ಸಾರಿಗೆ. ವಿಮಾನದ ಅಂಟಿಗೆ.
ಬಿಯರಿಗೆ ಅಂತ ಒಮ್ಮೆಯೂ ಅನ್ನಲಿಲ್ಲ.
ಅವನಿಗೂ ಗೊತ್ತಿರಲಿಲ್ಲವೇನೋ.

ಇದು ಅದೇ ಅಂತ ನಾನು ಆಣೆ ಹಾಕುವುದಿಲ್ಲ.
ಸಮುದ್ರ ದೊಡ್ಡದು, ಮೀನೂ ಬಹಳ.
ಆದರೂ ಕಪ್ಪು ಗ್ಲಾಸಿನ ಕೊನೆಯ ಗುಟುಕನ್ನು
ಬಾಯಲ್ಲೇ ಇಟ್ಟುಕೊಂಡು ಕೂತೆ,
ಉಪ್ಪು ಸಿಕ್ಕೀತೆಂದು.
ಸಿಗಲಿಲ್ಲ.

ರಜೆಗೆ ಬಂದಾಗ ಆಯಿಗೆ ಹೇಳಿದೆ,
ಕಾರವಾರದ ಮೀನುಪೇಟೆಯಲ್ಲಿ, ಅವಳು
ಗಿರಾಕಿಗೆ ಇಸ್ವಾಣ ಕೊಯ್ಯುತ್ತಿದ್ದಾಗ.
ಒಂದು ಲೋಟಕ್ಕೆ ಎಷ್ಟು?
ನಾಲ್ಕು ಪೌಂಡು. ನಮ್ಮ ನಾನೂರು.
ಕತ್ತಿ ನಿಂತಿತು.
ಕಿಲೋಗೆ ಹದಿನಾಲ್ಕು ಕೊಟ್ಟಿದ್ದ ಆ ಕಾಯ್ತಾನ್, ಅಂದಳು,
ಅದರಲ್ಲೂ ತೂಕದ ಕಲ್ಲಿನಡಿ ಸೀಸ.
ಮತ್ತೆ ನಾಲ್ಕು ತುಂಡು ಬಿದ್ದ ಮೇಲೆ
ಹೇಗಿತ್ತು, ಕೇಳಿದಳು.

ಬೆಲ್ಲ ಅನ್ನಲೆ, ಕಿತ್ತಳೆ ಸಿಪ್ಪೆ ಅನ್ನಲೆ.
ತಿಳಿಯಾಗಿತ್ತು, ಅಂದೆ.
ಇರಲೇಬೇಕು, ಅಂದಳು ಆಯಿ,
ಎಷ್ಟು ನೀರಲ್ಲಿ ತೊಳೀತಿದ್ದೆ ನಾನು.