ಇನ್ವರ್‌ಕೀಲ್ ಕ್ಲಬ್ಬಿನ ಒಂಬತ್ತನೆಯ ಕುಳಿ

ಮೊದಲ ಕುಳಿ ನೇರ; ಹೊಸಿಲಲ್ಲೇ ಮಾನ ಹೋಗಬಾರದು ಅಂತ.
ಎರಡು, ಮೂರು ಕಡಲ ಕಡೆಗೆ, ಗಾಳಿಗೆದುರು.
ನಾಲ್ಕರಲ್ಲಿ ಮರಳುಗುಂಡಿ: ಸ್ಕಾಟ್ಲೆಂಡಿನ ಚಳಿಗೆ
ಕುರಿಗಳು ಮೈಯೊತ್ತಿ ಮೈಯೊತ್ತಿ ತೋಡಿದ್ದು.
ಕ್ಲಬ್ಬಿನ ಪುಸ್ತಕದಲ್ಲಿ ಮಾತ್ರ
ವಿನ್ಯಾಸ: ಮೇಜರ್ ಫೋದರಿಂಗಂ, ೧೮೯೧.
ಕುರಿಗಳು ಸದಸ್ಯರಾಗಿರಲಿಲ್ಲ.

ಐದನ್ನು ಅಡ್ಡಡ್ಡ ಸೀಳಿ ಒಂದು ಕಾಲುದಾರಿ.
ಹೆರಿಂಗ್ ಮೀನು ಬಗೆಯುವ ಹೆಂಗಸರು
ಬೆರಳಿಗೆ ಚಿಂದಿ ಸುತ್ತಿಕೊಂಡು
ನಡೆನಡೆಯುತ್ತಲೇ ಕಾಲುಚೀಲ ಹೆಣೆಯುತ್ತ ಬಂದರಿಗೆ ಹೋದದ್ದು.
ಬೇಲಿ ಹಾಕಿದರು. ಬೆಳಗಾದರೆ ಬೇಲಿ ಯಾರದೋ ಒಲೆಯಲ್ಲಿ.
ಮೂರು ಸಲ ಹೀಗೇ. ಆಮೇಲೆ ನಿಯಮ ಬರೆದರು:
"ಹೆಂಗಸರು ದಾಟುವ ತನಕ ಆಟಗಾರರು ಕಾಯತಕ್ಕದ್ದು."
ಎಂಬತ್ತು ವರ್ಷ
ಹೆಂಗಸರೆಂಬ ಶಬ್ದ ಇಲ್ಲಿ ಅದೊಂದೇ ಸಾಲಿನಲ್ಲಿತ್ತು.

ಇದು ಒಂಬತ್ತು. ದಿಬ್ಬದಾಚೆ ಏನೂ ಕಾಣದು.
ಸುಣ್ಣ ಬಳಿದ ಕಲ್ಲನ್ನು ನಂಬಿ ಹೊಡೆಯಬೇಕು.
ಆಡಿ ಮುಗಿಸಿದವರು ಗಂಟೆ ಬಾರಿಸಬೇಕು,
ಹಿಂದಿನವರಿಗೆ: ನಾವು ಹೋದೆವು, ನೀವು ಬನ್ನಿ.

ಗಂಟೆ 'ಕ್ರಿಸ್ಟೀನ್ ಬೇನ್' ದೋಣಿಯದು.
೧೯೦೬ರ ಮಾರ್ಚಿನಲ್ಲಿ ಐವರ ಸಮೇತ ಮುಳುಗಿತು;
ಹಲಗೆಗೆ ಬಿಗಿದಿದ್ದ ಗಂಟೆ ಮಾತ್ರ ಹತ್ತರ ಕೆಳಗೆ ದಡಕ್ಕೆ ಬಂತು.
ಕ್ಲಬ್ಬಿನ ಮರಳು, ಆದ್ದರಿಂದ ಕ್ಲಬ್ಬಿನ ಗಂಟೆ.

ಯೂಫೀಮಿಯಾ ಕಾರ್ಗಿಲ್ ಅರ್ಜಿ ಕೊಟ್ಟಳು:
ನನ್ನ ಗಂಡ ಮಂಜಿನಲ್ಲಿ ಬಾರಿಸುತ್ತಿದ್ದ ಗಂಟೆ, ಕೊಟ್ಟುಬಿಡಿ.
ನಡಾವಳಿಯಲ್ಲಿದೆ, ಮುತ್ತಿನಂಥ ಅಕ್ಷರ:
"ವಿಧವೆಯ ಅರ್ಜಿ. ಮುಂದಿನ ಸಭೆಗೆ."
ಮುಂದಿನ ಸಭೆಯಲ್ಲಿ ಷೆರಿಯ ಬೆಲೆ ಚರ್ಚೆಗೆ ಬಂತು.

ಅವಳು ನನ್ನ ಮುತ್ತಜ್ಜಿ. ಮನೆ ಅಗೋ, ಆ ಗೋಡೆಯಾಚೆ.
ದಿನಕ್ಕೆ ಹತ್ತಾರು ಸಲ ಗಂಟೆ ಅಡುಗೆಮನೆಗೆ ಕೇಳಿಸುತ್ತಿತ್ತು.
ಮೊದಮೊದಲು ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದಳಂತೆ.
ಆಮೇಲೆ ಇಲ್ಲ.
ಭಾನುವಾರ ಆಟಕ್ಕೆ ರಜೆ; ಅಂದು ಮಾತ್ರ
ಕೂತಲ್ಲಿ ಕೂರುತ್ತಿರಲಿಲ್ಲ.

ನಾನು ಇಲ್ಲಿ ಹುಲ್ಲು ಕತ್ತರಿಸುವವಳು, ಹತ್ತೊಂಬತ್ತು ವರ್ಷದಿಂದ.
ಹನ್ನೊಂದನ್ನು ಕಡಲು ನುಂಗಿತು, ಹತ್ತರಲ್ಲಿ ಅರ್ಧ.
ಹೊಸ ನಕ್ಷೆ ಬಂದಿದೆ, ಬಣ್ಣಬಣ್ಣದ್ದು. ಒಂಬತ್ತು ಇನ್ನು ಬೇಡವಂತೆ.
ಗಂಟೆಯನ್ನೇನು ಮಾಡುವುದು, ಸಮಿತಿ ಕೇಳಿತು.
ಬಾರಿನ ಗೋಡೆಗೆ, ಅಂತ ತಾನೇ ಹೇಳಿತು.

ನಿನ್ನೆ ಸಂಜೆ ಮಂಜು. ಸ್ಪ್ಯಾನರ್ ಹಿಡಿದು ಹೋದೆ.
ಸದ್ದಾಗದಿರಲೆಂದು ಗಂಟೆಯ ನಾಲಗೆಯನ್ನು
ಮುಷ್ಟಿಯಲ್ಲಿಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ.
ತಣ್ಣಗಿತ್ತು.
ಬಿಟ್ಟೆ.

ದಿಬ್ಬದಾಚೆ ಯಾರೋ ಕಾಯುತ್ತಿದ್ದರೆಂದು ನನಗೇನು ಗೊತ್ತು:
ಮಂಜಿನೊಳಗಿಂದ ಒಂದು ಚೆಂಡು
ಬಂದು, ಒದ್ದೆ ಹುಲ್ಲಲ್ಲಿ ಉರುಳಿ,
ನನ್ನ ಬೂಟಿನ ಬಳಿ ನಿಂತಿತು.