ಹರವಿ ಉಂಡೈತೇನು?

ಮೊದಲ ಸ್ಲೈಡು ಕೆಟ್ಟಿತು.
ಆಲ್ಕೊಹಾಲು ಜಾಸ್ತಿ ಸುರಿದೆ,
ನೇರಳೆಯೆಲ್ಲ ಸಿಂಕಿಗಿಳಿದು
ಹಿಡಿದುಕೊಳ್ಳಬೇಕಾದವೂ ಬಿಟ್ಟುಕೊಟ್ಟು
ಕಂಡದ್ದೆಲ್ಲ ಕೆಂಪು.
ಹಂಡರಗಲ್ಲ ಮೇಡಂ ಜರ್ನಲ್ಲಿನ ಅಂಚಿಗೆ
ಒಂದೇ ಶಬ್ದ ಬರೆದರು: ಮತ್ತೊಮ್ಮೆ.

ಗುಳೇದಗುಡ್ಡದ ನೀಲಗಾರರ ಮನೆಯವಳು ನಾನು.
ಬಣ್ಣ ಬಿಡಿಸಿ ಬಂದೆ ಅಂತ ಮನೆಯಲ್ಲಿ ಹೇಳುವುದು ಹೇಗೆ?
ಹೇಳಿದೆ. ಈಗ ಪಾಕೀಟು ಬಣ್ಣದ ಗಿರಾಕಿಯಾದ ಅಪ್ಪ
ಸ್ಟೋವಿನ ಮೇಲೆ ಲಡಿ ತಿರುವುತ್ತಲೇ ಅಂದ:
"ಹಚ್ಚೂದು ಯಾರರೆ ಹಚ್ಚತಾರ.
ಹಿಡಸೂದು ನೋಡು ಕಸಬು.
ನಡುವ ಪಟಿಕ ಹಾಕಿದ್ಯೋ ಇಲ್ಲೋ?"

ಹಾಕಿದ್ದೆ ಅಪ್ಪಾ. ಅದರ ಹೆಸರು ಅಯೋಡಿನ್.
ನೇರಳೆಯ ಕೈಹಿಡಿದು, ಮೈ ಬೆಳೆಸಿ
ಗೋಡೆಯೊಳಗೆ ಕೂಡ್ರಿಸುವುದು ಅದರ ಕೆಲಸ.
ಗೋಡೆ ದಪ್ಪಿದ್ದವರು ತೊಳೆದರೂ ಬಿಡುವುದಿಲ್ಲ.
ತೆಳು ಗೋಡೆಯವರು ಮೇಲೊಂದು ಕೊಬ್ಬಿನ ಸೆರಗು ಹೊದ್ದಿರುತ್ತಾರೆ,
ಆಲ್ಕೊಹಾಲು ತಗುಲಿತೋ, ಸೆರಗೂ ಹೋಯಿತು, ಬಣ್ಣವೂ.
ಪಾಪ, ಬೋಳು ಮೈಲಿ ಕಳಿಸಬಾರದೆಂದು
ಕಡೆಗೆ ಅವರಿಗೆ ಸಫ್ರಾನಿನ್ ಕೆಂಪು.

ಬೆರಳಿಗೆ ಹತ್ತಿದ ನೇರಳೆ ಮೂರು ದಿನ ಹೋಗಲಿಲ್ಲ.
ನವನಗರದ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ,
"ಏನವಾ, ಒಬ್ಬಾಕಿನ ವೋಟ್ ಹಾಕಿ ಬಂದ್ಯೇನ?"
ಮನೆಯಲ್ಲಿ ಅವ್ವ ನೋಡಿ ಸುಮ್ಮನಾದಳು.
ಆಯಿಯ ಉಗುರು ನೆನಪಾಗಿರಬೇಕು.

ದುಂಡವ್ವ ಆಯಿ. ಹತ್ತೂ ಉಗುರು ನೀಲಿ.
ಹಿತ್ತಲಲ್ಲಿ ಕುತ್ತಿಗೆತನಕ ಹೂತ ಹರವಿ,
ಅದರೊಳಗೆ ನೀಲಿಯುಂಡೆ, ಸುಣ್ಣದ ತಿಳಿ,
ಬೇಯಿಸಿದ ತಗಚಿ ಬೀಜ, ಬೆಲ್ಲ.
ಬೆಳಗಾದರೆ ಮುಖ ತೊಳೆಯುವ ಮೊದಲೇ ಕೇಳುತ್ತಿದ್ದಳಂತೆ:
"ಹರವಿ ಉಂಡೈತೇನು?"
ಮುಚ್ಚಳ ಸರಿಸಿ ಮೂಸುವಳು.
ತಾಮ್ರದ ಕೆನೆ ಕಟ್ಟಿದ್ದರೆ ಮನೆಮಂದಿಗೆಲ್ಲ ಚಹಾ.
ಇಲ್ಲವೋ, "ಸಿಟ್ಟು ಮಾಡೇದ" ಅಂತ
ಬೆಲ್ಲದ ಹೆಂಟೆ ಬಿಟ್ಟು, ಗೋಣಿಚೀಲ ಹೊದಿಸಿ,
ಆಸುಪಾಸು ಯಾರೂ ಒದರಕೂಡದು.

ಪಾಠ ನಮ್ಮ ಮನೆಗೆ ತಡವಾಗಿ ಬಂತು.
ಹರವಿಯೊಳಗೆ ಗಾಳಿಯಿಲ್ಲ.
ಬೆಲ್ಲ ತಿಂದವರ ಕೈಯಲ್ಲುಳಿದ ಎಲೆಕ್ಟ್ರಾನು
ಯಾರಿಗಾದರೂ ದಾಟಿಸದೆ ಮುಂದಿನ ತುತ್ತಿಲ್ಲ.
ಹತ್ತಿರವಿದ್ದದ್ದು ನೀಲಿ.
ತಗೋ ಅಂದವು. ತಗೊಂಡಿತು.
ತಗೊಂಡದ್ದೇ ತನ್ನ ನೀಲಿತನ ಬಿಟ್ಟು
ಹಳದಿಯಾಗಿ ನೀರಿಗಿಳಿಯಿತು.
ಅದ್ದಿದ ನೂಲು ಮೇಲೆ ಬರುವಾಗ ಹಸಿರು,
ಆಯಿ ಕೊಡವುತ್ತಾಳೆ, ಗಾಳಿ ತನ್ನ ಪಾಲು ಕಸಿಯುತ್ತದೆ,
ನೀಲಿ ಮರಳುತ್ತದೆ
ಈ ಸಲ ನೂಲಿನೊಳಗೇ.
ಇದಕ್ಕೆ ಆಯಿ ಉಣ್ಣೂದು ಅಂದಿದ್ದಳು,
ಮೇಡಂ ಅಪಕರ್ಷಣೆ ಅಂದರು.
ಪರೀಕ್ಷೆಯಲ್ಲಿ ಎರಡನೆಯದಕ್ಕೆ ಎರಡು ಮಾರ್ಕು.

ಹರವಿ ಇನ್ನೂ ಅಲ್ಲೇ ಇದೆ.
ಬಾಯಿ ಸೀಳಿದೆ, ಒಳಗೆ ಕೋಳಿ ಕಾವು ಕೂಡುತ್ತದೆ.
ಬ್ಲೇಡಿನಿಂದ ಕೆರೆದು ಚಿಟಿಕೆ ಮಣ್ಣು ಒಯ್ದೆ,
ಎಂಬತ್ತು ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟೆ
ಸಾಯುವವು ಸಾಯಲಿ ಅಂತ.
ಐದು ದಿನ ಕೊಳವೆ ತಿಳಿಯಾಗಿಯೇ ಇತ್ತು.
"ಮಣ್ಣಿಗೆ ಸೂಪ್ ಕುಡಸ್ತೀಯಲ್ಲ ತಂಗಿ" ಅಂತ ನಕ್ಕ
ಲ್ಯಾಬಿನ ಮಹಿಬೂಬಣ್ಣ.
ಆರನೆಯ ದಿನ, ಮಬ್ಬು.

ಈ ಸಲ ಆಲ್ಕೊಹಾಲು ಎಣಿಸಿ ಸುರಿದೆ.
ಎಣ್ಣೆಯ ಹನಿಯ ಕೆಳಗೆ ನೇರಳೆ ಕಡ್ಡಿಗಳು,
ಕೆಲವದರ ಹೊಟ್ಟೆಯಲ್ಲಿ
ಯಾವ ಬಣ್ಣವನ್ನೂ ಒಳಬಿಡದ ಬಿಳಿ ಚುಕ್ಕಿ.
ಬೀಜ.
ಆಯಿ ಹೋದದ್ದು ಗೊತ್ತಿಲ್ಲದ ಬೀಜ.

ಮೇಡಂ ಬಹಳ ಹೊತ್ತು ನೋಡಿದರು.
"ಕೋಳಿಯದೂ ಇರಬಹುದು. ಕಡ್ಡಿ ಕಂಡ ಮಾತ್ರಕ್ಕೆ
ಯಾರದಂತ ಹೇಳಲಾಗದು. ಏನು ಮಾಡುತ್ತದೆ ನೋಡು."
ಅದಕ್ಕೇ ಕೊಳವೆಗೆ ಸುಣ್ಣದ ತಿಳಿ, ಬೆಲ್ಲ,
ಸಾಸಿವೆಯಷ್ಟು ನೀಲಿ ಹಾಕಿ, ಬಾಯಿ ಬಿಗಿದು
ಶನಿವಾರ ಇನ್ಕ್ಯುಬೇಟರಿನಲ್ಲಿಟ್ಟು ಬಂದೆ.

ರವಿವಾರ ಬೆಳಿಗ್ಗೆ, ನಾನಿನ್ನೂ ಹಾಸಿಗೆಯಲ್ಲಿ.
ಬಾಗಿಲಲ್ಲಿ ನಿಂತು ಅವ್ವ,
ಯಾರದೋ ದನಿಯಲ್ಲಿ:
"ಏಳ ಬೇ. ಅದು ಉಂಡೈತೇನು?"